ಮಂದೆಯ ಮೇಲೊಂದು ಡಿಸ್

"ಇನ್ನೊಂದ್ಸಲ ಹಾಕು," ಎಂದ ದೊಡ್ಡರಂಗಪ್ಪ.

ರಕ್ಷಾ ಹಾಕಿದಳು. ಜಗಲಿಯ ಮೇಲಿದ್ದ ಪುಟ್ಟ ಸ್ಪೀಕರು ಗುಂಯ್ ಎಂದು ನಡುಗಿ ಶಿರಾದ ಅಂಜನ್ ಕುಮಾರನ ಒರಟು ದನಿಯನ್ನು ಹೊರಕ್ಕೆ ಬಿಟ್ಟಿತು. ಮೊದಲ ಸಲ ಕೇಳುವಾಗ ಅಪ್ಪ ಹುಣಸೆಹಣ್ಣು ಕುಟ್ಟುವುದನ್ನು ನಿಲ್ಲಿಸಿರಲಿಲ್ಲ. ಈಗ ಸುತ್ತಿಗೆ ಕೆಳಗಿಟ್ಟು, ಅಂಟಿದ ಕೈಯನ್ನು ಗೋಣಿಚೀಲಕ್ಕೆ ಒರೆಸಿಕೊಂಡು ಮುಂದಕ್ಕೆ ಬಾಗಿದ.

ಹೊರಗೆ ಬರೀ ಬಿಲ್ಡಪ್ಪು ಕಣ್ಲಾ, ಒಳಗೆ ಬರೀ ಹೊಟ್ಟು
ಓಬಳಯ್ಯನ್ ಮಂದೆ ಕೊಬ್ತು ಕಂಡೋರ್ ಬೆಳೆ ತಿಂದ್ಬುಟ್ಟು
ಗೊಬ್ರ ಕೊಡ್ತೀವಂತ ಬರ್ತಾರೆ, ಗಿಡ ಮೇಯ್ಸೋದೇ ಗುಟ್ಟು

"ನಿಲ್ಸು. ಓಬಳಯ್ಯ ಅಂದ್ರೆ ನಮ್ಮ ಓಬಳಯ್ಯನೇಯಾ?"

"ಹೂಂ. ಬೈತಿರೋದು ಅವನ ಮಗನ್ನ. ನವೀನ್ ಅಂತ, ನಮ್ಮ ಕಾಲೇಜು. ಆದ್ರೆ ಅಪ್ಪಾ, ಇದು ಡಿಸ್ಸು ಕಣಪ್ಪ."

"ಹಂಗಂದ್ರೆ?"

"ಒಬ್ಬ ರ‍್ಯಾಪರು ಇನ್ನೊಬ್ಬನ್ನ ಹಾಡಲ್ಲಿ ಉಗಿಯೋದು. ಆಮೇಲೆ ಅವನು ಇವನ್ನ ಉಗೀತಾನೆ. ಯಾರು ಚೆನ್ನಾಗಿ ಉಗುದ್ರು ಅಂತ ಜನ ನೋಡ್ತಾರೆ. ಆಟ ಅದು. ನಿಜವಾದ ಜಗಳ ಅಲ್ಲ."

"ಆಟನೋ ಜಗಳನೋ ನಂಗ್ಯಾಕೆ. ತಿಂದಿದ್ದು ನಿಜವಾ ಸುಳ್ಳಾ?"

ಇಷ್ಟು ದಿನ ಆ ಪ್ರಶ್ನೆ ರಕ್ಷಾಳಿಗೆ ಹೊಳೆದೂ ಇರಲಿಲ್ಲ. "ಹೊಟ್ಟು" ಪದದ ಮೇಲೆ "ತಿಂದ್ಬುಟ್ಟು" ಬಂದು ಕೂತ ರೀತಿಗೆ ಮರುಳಾಗಿ ಅವಳು ಅದನ್ನು ಕೇಳಿದ್ದಳು, ಕೇಳಿಸಿದ್ದಳು.

"ಗೊತ್ತಿಲ್ಲ," ಎಂದಳು.

"ಗೊತ್ತಿಲ್ದೆ ಹಾಲಿನ ಡೈರಿ ಮುಂದೆ ಹಾಕ್ಬುಟ್ಟೆ. ಇಡೀ ಊರು ಕ್ಯಾನ್ ಹಿಡ್ಕಂಡು ನಿಂತ್ಕಂಡಿತ್ತು." ದೊಡ್ಡರಂಗಪ್ಪ ಮತ್ತೆ ಸುತ್ತಿಗೆ ಎತ್ತಿಕೊಂಡ. "ಈ ಸಲ ಅವನ ಮಂದೆ ನಮ್ ಹೊಲಕ್ಕೆ ಬೇಡ. ಈಗ್ಲೇ ಫೋನ್ ಮಾಡಿ ಹೇಳ್ತೀನಿ."

ಪುರವರದ ಪಕ್ಕದ ಆ ಊರಿನಲ್ಲಿ ಸುಗ್ಗಿ ಮುಗಿದ ಮೇಲೆ ಖಾಲಿ ಹೊಲಗಳಲ್ಲಿ ಕುರಿ ಮಂದೆ ನಿಲ್ಲಿಸುವುದು ವಾಡಿಕೆ. ಪಾವಗಡದ ಕಡೆಯಿಂದ ಓಬಳಯ್ಯ ತನ್ನ ಕುರಿ, ಬಲೆ, ಕಂಬಳಿಗಳ ಸಮೇತ ಬಂದು ಒಂದೊಂದು ಹೊಲದಲ್ಲಿ ಕೆಲವು ರಾತ್ರಿ ಮಂದೆ ಮಲಗಿಸುತ್ತಿದ್ದ. ಹಿಕ್ಕೆ, ಗಂಜಲ ಹೊಲಕ್ಕೆ. ರಾಗಿ, ಊಟ ಅವನಿಗೆ. ಮೊದಲು ದೊಡ್ಡರಂಗಪ್ಪನ ಹೊಲ, ಆಮೇಲೆ ಉಳಿದವರದು. ದೊಡ್ಡರಂಗಪ್ಪ ಬೇಡವೆಂದರೆ ಆ ಸುತ್ತಿನಲ್ಲಿ ಬೇರೆ ಯಾರೂ ಬೇಕು ಎನ್ನುವುದಿಲ್ಲ. ಈಗೀಗ ಬೋರ್‌ವೆಲ್ ಇದ್ದವರು ಬೇಸಿಗೆಗೂ ಕಡಲೆಕಾಯಿ ಇಡುತ್ತಾರೆ. ಖಾಲಿ ಹೊಲದ ಪಕ್ಕದಲ್ಲೇ ಹಸಿರು ಹೊಲ. ಅಂಥ ಕಡೆ ಕುರಿ ಮಲಗಿಸಬೇಕಾದರೆ ಕುರಿಯವನ ಮೇಲೆ ನಂಬಿಕೆ ಒಂದೇ ಬೇಲಿ.

ರಕ್ಷಾ ಮಧುಗಿರಿಯಲ್ಲಿ ಬಿಕಾಂ ಕೊನೆಯ ವರ್ಷ ಓದುತ್ತಿದ್ದಳು. ಬೆಳಗಿನ ಬಸ್ಸಿನಲ್ಲಿ ಅವಳ ಸುತ್ತ ಕೂರುವ ಹುಡುಗಿಯರು ಅವಳನ್ನು ಜಡ್ಜಮ್ಮ ಎಂದು ಕರೆಯುತ್ತಿದ್ದರು. ಯಾವ ಹೊಸ ಹಾಡು ಬಂದರೂ ಅವಳು ತೀರ್ಪು ಕೊಡಬೇಕಿತ್ತು. ಪ್ರೇಮದ ಹಾಡುಗಳೆಂದರೆ ಅವಳಿಗೆ ಆಗುತ್ತಿರಲಿಲ್ಲ. "ಹಾಡಿಗೊಂದ್ಸಲ ಮಳೇಲಿ ನೆನೀತಾನೆ. ಅವನ್ನ ಒಂದ್ ತಿಂಗ್ಳು ಪಾವಗಡದಲ್ಲಿ ಬುಟ್ಟು ನೋಡ್ಬೇಕು, ಏನ್ ಹಾಡ್ತಾನೆ ಅಂತ" ಎನ್ನುತ್ತಿದ್ದಳು. ಆಟೋಟ್ಯೂನ್ ಹಾಕಿದವರು ಬೋರ್‌ವೆಲ್ ಪೈಪಿನೊಳಗೆ ಬಾಯಿಟ್ಟು ಕೂಗಿದಂತೆ ಕೇಳುತ್ತಾರೆ ಎನ್ನುತ್ತಿದ್ದಳು. ಕಡ ತಂದ ಸರ ಹಾಕಿಕೊಂಡು, ಯಾರದೋ ಕಾರಿಗೆ ಒರಗಿ, ತನ್ನ ಕಷ್ಟ ಹಾಡುವ ರ‍್ಯಾಪರನ್ನು ಕಂಡರೆ ಅವಳು ಅಲ್ಲೇ ನಿಲ್ಲಿಸಿ ಮುಂದಿನದಕ್ಕೆ ಹೋಗುತ್ತಿದ್ದಳು. ತನ್ನ ಬೀದಿ, ತನ್ನ ಮನೆ, ತಾನು ನಿಜವಾಗಿ ಕಂಡದ್ದು, ಇಷ್ಟೇ ಇರಬೇಕು, ಮಿಕ್ಕಿದ್ದು ಜಾಹೀರಾತು. ಇದು ಅವಳ ಕಾನೂನು.

ಆ ಕಾನೂನಿನಲ್ಲಿ ಪಾಸಾದವರು ಇಬ್ಬರೇ. ಅಂಜನ್ ಶಿರಾದಲ್ಲಿ ಮೊಬೈಲ್ ರಿಪೇರಿ ಅಂಗಡಿಯಲ್ಲಿದ್ದ. ಮಾತು ಚೂಪು, ಬೀಟು ಎರವಲು. ನವೀನ್ ನಿಧಾನದವನು, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಹಾಡುತ್ತಿದ್ದ, ಅಪ್ಪನ ಕುರಿಗಳ ಬಗ್ಗೆ ಹಾಡಲು ನಾಚುತ್ತಿರಲಿಲ್ಲ. ಇಬ್ಬರೂ ಒಬ್ಬರ ಮೇಲೊಬ್ಬರು ಡಿಸ್ ಬಿಡಲು ಶುರುಮಾಡಿದ ಮೇಲೆ ರಕ್ಷಾಳಿಗೆ ಹಬ್ಬವಾಗಿತ್ತು. ಅಂಜನ್‌ನ ಈ ಹಾಡು ಬಂದ ದಿನ ಅವರಿಬ್ಬರೂ ಇದ್ದ ರ‍್ಯಾಪ್ ಗ್ರೂಪಿನಲ್ಲಿ "ಈ ರೌಂಡು ಶಿರಾಕ್ಕೆ. ಪಾವಗಡ ಮನೆಗೆ ಹೋಗಬಹುದು" ಎಂದು ಬರೆದಿದ್ದಳು. ಮರುದಿನ ಹಾಲು ಹಾಕಲು ಹೋದಾಗ ಸ್ಪೀಕರನ್ನೂ ಒಯ್ದಿದ್ದಳು.

ನವೀನ್ ಅವತ್ತಿನಿಂದ ಕಾಲೇಜಿಗೆ ಬಂದಿರಲಿಲ್ಲ. ಮನೆಗೆ ಹೋಗಬಹುದು ಎಂದು ಬರೆದದ್ದು ಅವಳ ಕಣ್ಣಿಗೆ ಈಗ ಬೇರೆ ಥರ ಕಾಣತೊಡಗಿತು.

ಮರುದಿನ ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಅವಳು ಅಂಜನ್‌ಗೆ ಫೋನ್ ಮಾಡಿದಳು.

"ಜಡ್ಜಮ್ಮ, ನಮಸ್ಕಾರ," ಎಂದ ಅವನು. ಹಿಂದೆ ಯಾರದೋ ಫೋನಿನ ಸ್ಕ್ರೀನು ಬಿಚ್ಚುವ ಟಕಟಕ ಕೇಳುತ್ತಿತ್ತು. "ನೋಡಿದ್ಯಾ, ಎಷ್ಟು ಜನ ನೋಡವ್ರೆ? ಶಿರಾ ಗಡಿ ದಾಟ್ತು ಕಣಮ್ಮ."

"ದಾಟಿ ನಮ್ಮೂರಿಗೇ ಬಂದೈತೆ. ಓಬಳಯ್ಯಣ್ಣನ ಮಂದೆಗೆ ಯಾರೂ ಹೊಲ ಕೊಡ್ತಿಲ್ಲ. ಆ ಲೈನು ತೆಗಿ."

ಆ ಕಡೆ ಟಕಟಕ ನಿಂತಿತು. "ಅರೆ, ಅದೆಂಗಾಯ್ತದೆ? ಹಾಡು ಕೇಳಿ ಯಾರಾದ್ರೂ ಹೊಲ ಕೊಡಲ್ಲ ಅಂತಾರಾ?"

"ಅಂದವ್ರೆ. ನಮ್ಮಪ್ಪನೇ ಅಂದವ್ನೆ. ನೀನು ಸುಳ್ಳು ಹೇಳಿ ಹಿಂಗಾಯ್ತು."

"ಖಾಲಿ ಪೀಲಿ ಸುಳ್ಳಲ್ಲಮ್ಮ ಅದು. ಆ ಕತೆ ನಂಗೆ ಕೊಟ್ಟೋನೇ ನವೀನ. ಈ ಬೈದಾಟ ಎಲ್ಲ ನಾವಿಬ್ರೂ ಕೂತು ಮಾಡ್ಕಂಡ ಪ್ಲಾನು. ನನ್ನ ಹೊಡಿಯೋಕೆ ನಾನೇ ಅವನಿಗೆ ನಮ್ಮಪ್ಪನ ಕುಡಿತದ ಕತೆ ಕೊಟ್ಟಿದ್ದೆ, ಅವನು ಇದನ್ನ ಕೊಟ್ಟ. ನಿಜ ಇಲ್ದೆ ಇದ್ರೆ ಡಿಸ್ಸು ಕಚ್ಚಲ್ಲ ಅಂತ ಗ್ರೂಪಲ್ಲಿ ದಿನಾ ಬರೀತಿದ್ದೋಳು ಯಾರಪ್ಪ?"

ರಕ್ಷಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ತೆಗೀ ಅಂದ್ರೆ ತೆಗೀತೀನಿ," ಎಂದ ಅಂಜನ್, ದನಿ ಇಳಿಸಿ. "ಆದ್ರೆ ಡೌನ್‌ಲೋಡ್ ಮಾಡ್ಕಂಡಿರೋರ ಫೋನಿಂದ ಹೆಂಗೆ ತೆಗೀಲಿ? ನಿಮ್ಮೂರೋರ ಕಿವಿಯಿಂದ ಹೆಂಗೆ ತೆಗೀಲಿ?"

ಅದು ಸರಿ ಇತ್ತು. ತೆಗೆದರೆ ಪ್ರಯೋಜನವಿಲ್ಲ, ತೆಗೆದದ್ದೇ ತಪ್ಪೊಪ್ಪಿಗೆ ಎಂದುಕೊಳ್ಳುವವರೂ ಇರುತ್ತಾರೆ. ಡಿಸ್ಸಿಗೆ ಬೇಕಾದದ್ದು ಉತ್ತರ. ರಕ್ಷಾ ಕ್ಲಾಸಿಗೆ ಹೋಗಲಿಲ್ಲ. ಪಾವಗಡದ ಬಸ್ಸು ಹತ್ತಿ, ಓಬಳಯ್ಯ ಮಂದೆಯೊಂದಿಗೆ ತಂಗಿದ್ದಾನೆಂದು ಕೇಳಿದ್ದ ಮಿಡಿಗೇಶಿಯಲ್ಲಿ ಇಳಿದಳು.

ಕೆರೆಯ ಅಂಗಳದಲ್ಲಿ ನೀರಿರಲಿಲ್ಲ, ಹುಲ್ಲೂ ಇರಲಿಲ್ಲ. ಕುರಿಗಳು ಒಂದರ ಹೊಟ್ಟೆಯ ನೆರಳಿಗೆ ಇನ್ನೊಂದು ತಲೆ ತೂರಿಸಿ ನಿಂತಿದ್ದವು. ಓಬಳಯ್ಯ ಜಾಲಿಯ ಕೆಳಗೆ ಕೂತು ಕಿತ್ತುಹೋದ ಚಪ್ಪಲಿಯನ್ನು ತಂತಿಯಿಂದ ಕಟ್ಟುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

"ಏಂ ಪಾಪಾ, ಇಷ್ಟು ದೂರ? ನಿಮ್ಮಪ್ಪ ಗೌಡ್ರು ಚೆಂದಾಗವ್ರಾ?"

"ಅವ್ರೆ ಅಣ್ಣ."

"ಫೋನ್ ಮಾಡಿದ್ರು. ಬ್ಯಾಡ ಅಂದ್ರು." ಅವನು ನಕ್ಕ. "ಯಾರೋ ನನ್ಮ್ಯಾಲೆ ಪಾಟ, ಅದೇ ಹಾಡು, ಕಟ್ಟವ್ರಂತೆ. ಸಿನಿಮಾದಾಗೆ ಹೀರೋಗೆ ಕಟ್ತಾರೆ, ಸರಿ. ನಂಗ್ಯಾಕೆ ಕಟ್ಟವ್ರೋ ತೆಲೀದು ಪಾಪಾ. ಇಲ್ಲಿ ಇನ್ನೆರಡು ದಿನ ನೋಡಿ, ಆಗ್ಲಿಲ್ಲಾಂದ್ರೆ ಅರ್ಧ ಮಂದೆ ಸಂತೆಗೆ ಹೊಡೀಬೇಕು."

ನವೀನ್ ಏರಿಯ ಆಚೆ ಕಲ್ಲಿನ ಮೇಲೆ ಕೂತಿದ್ದ. ರಕ್ಷಾ ಹೋಗಿ ಎದುರು ನಿಂತಳು.

"ಅಂಜನ್ ಹೇಳ್ದ. ಕತೆ ನಿಂದೇ ಅಂತೆ."

"ಹೂಂ."

"ನಡೆದಿದ್ದೇನು?"

ನವೀನ್ ಅವಳನ್ನು ನೋಡದೆ ಹೇಳಿದ. ಕೊರಟಗೆರೆಯ ಕಡೆ ಮಂದೆ ಹೊಡೆದುಕೊಂಡು ಹೋಗಿದ್ದಾಗ ಒಂದು ಮಧ್ಯಾಹ್ನ ಅಪ್ಪ ನೀರಿಗೆ ಹೋಗಿದ್ದ. ಕಾಯುತ್ತಿದ್ದವನು ನವೀನ್. ಎರಡೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ಮುಗಿಲು ನೋಡಿಕೊಂಡು, ಹೊಸದಾಗಿ ಬಂದ ಹಾಡಿನ ಜೊತೆ ತಾನೂ ಹೇಳುತ್ತ ಮಲಗಿದ್ದ. ಎದ್ದು ಕೂತಾಗ ಪಕ್ಕದ ಕಡಲೆಕಾಯಿ ಹೊಲದಲ್ಲಿ ಒಂದು ಮೂಲೆ ಬೋಳಾಗಿತ್ತು. ಹೊಲದವನು ಬರುವ ಹೊತ್ತಿಗೆ ಅಪ್ಪನೂ ಓಡಿ ಬಂದ. ಕಾಯುತ್ತಿದ್ದದ್ದು ನಾನೇ, ತೂಕಡಿಸಿಬಿಟ್ಟೆ ಎಂದು ಹೇಳಿ, ಹೊಲದವನ ಕಾಲು ಹಿಡಿದು, ಒಳ್ಳೆಯ ಟಗರೊಂದನ್ನು ಬಿಟ್ಟುಕೊಟ್ಟು ಬಂದ. ಮಗನಿಗೆ ಒಂದು ಮಾತೂ ಬೈಯಲಿಲ್ಲ.

"ಅಂಜನ್‌ಗೆ ನಂದೇ ತಪ್ಪು ಅಂತ ಹೇಳಿದ್ದೆ. ಅವನು ಅಪ್ಪನ ಹೆಸ್ರು ಹಾಕ್ದ. ಪ್ರಾಸಕ್ಕೆ ಚೆನ್ನಾಗಿರ್ತದೆ ಅಂದ. ನಾನೂ ಕೇಳಿ ನಕ್ಕೆ. ಚೆನ್ನಾಗೇ ಇತ್ತಲ್ಲ."

"ಚೆನ್ನಾಗಿತ್ತು," ಎಂದಳು ರಕ್ಷಾ. "ನಾನು ಅದನ್ನ ಡೈರಿ ಮುಂದೆ ಹಾಕ್ದೆ."

ನವೀನ್ ಈಗ ಅವಳ ಮುಖ ನೋಡಿದ. "ಅಲ್ಲಿಗೆ ಹಾಕ್ಬಾರ್ದಿತ್ತು ನೀನು," ಎಂದ.

"ಹಾಕಿದ್ದಾಯ್ತು. ಈಗ ನೀನು ಉತ್ತರ ಹೇಳು. ಅದನ್ನೂ ಅಲ್ಲೇ ಹಾಕ್ತೀನಿ."

"ಏನಂತ ಹೇಳ್ಲಿ? ಕುರಿ ಕಾಯೋಕೆ ಬರ್ದೆ ಇರೋನು ನಾನು ಅಂತಾನಾ? ನಗ್ತಾರೆ."

"ನಗ್ಲಿ. ನಿನ್ನ ನೋಡಿ ನಕ್ರೆ ನಿಂಗೆ ಹೋಗೋದೇನು? ಎರಡು ಕಾಮೆಂಟು. ಅವ್ರಿಗೆ ಅರ್ಧ ಮಂದೆ ಹೋಗ್ತೈತೆ."

"ಅಪ್ಪಂಗೆ ಗೊತ್ತಾಯ್ತದೆ. ನಾನೇ ಹೊರಗೆ ಹೇಳಿದ್ದು ಅಂತ."

"ಆಗ್ಲಿ."

"ಬೀಟಿಲ್ಲ ರಕ್ಷಾ."

"ಬೇಡ. ಫೋನ್ ಕೊಡು, ನಾನು ಹಿಡೀತೀನಿ."

ನವೀನ್ ಏರಿಯ ಮೇಲೆ ಅತ್ತಿಂದಿತ್ತ ಓಡಾಡುತ್ತ ಹೇಳತೊಡಗಿದ. ಮೊದಲ ಸಲ ಗಾಳಿ, ಆಕಾಶ, ತಾಯಿಯ ಕಣ್ಣೀರು ಎಲ್ಲ ಬಂದವು. ರಕ್ಷಾ ಅರ್ಧಕ್ಕೇ ನಿಲ್ಲಿಸಿದಳು. "ನಿಮ್ಮಮ್ಮ ಅವತ್ತು ಅಲ್ಲಿದ್ರಾ? ಇಲ್ಲ ತಾನೆ. ಮತ್ತೆ ಯಾಕೆ ಅಳಿಸ್ತೀಯ?" ಎರಡನೆಯ ಸಲ ಅವನು ಅಂಜನ್‌ನನ್ನು ಬೈದ. "ಅವನ ಸುದ್ದಿ ಬುಡು. ಹೊಲದ ಸುದ್ದಿ ಹೇಳು." ಆಮೇಲೆ ಅವನು ಸಿಟ್ಟಾಗಿ ಫೋನು ಕಿತ್ತುಕೊಂಡು ಕುರಿಗಳ ಕಡೆ ಹೊರಟುಹೋದ. ರಕ್ಷಾ ಕಲ್ಲಿನ ಮೇಲೆ ಕೂತಳು. ಬಸ್ಸು ಒಂದು ಹೋಯಿತು, ಅವಳು ಏಳಲಿಲ್ಲ. ಬಿಸಿಲು ಏರಿಯ ಈಚೆಗೆ ಬಂದಾಗ ನವೀನ್ ವಾಪಸು ಬಂದು, ಅವಳಿಗೆ ಬೆನ್ನು ಮಾಡಿ ನಿಂತು, ಒಂದೇ ಉಸಿರಿಗೆ ಹೇಳಿದ:

ಗಿಡ ತಿಂದಿದ್ದು ನಿಜ, ಅವತ್ತು ಕಾಯ್ತಿದ್ದೋನು ನಾನು
ಎರಡೂ ಕಿವೀಗ್ ಹಾಡು ತುರ್ಕಿ ನೋಡ್ತಿದ್ದೆ ಬಾನು
ನನ್ ತಪ್ಪಿಗೆ ಕಾಲ್ ಹಿಡ್ದಿದ್ದು ನಮ್ಮಪ್ಪ ಕಣೋ, ನೀನು
ಅವ್ರೆಸ್ರು ಬುಡು, ನನ್ನೆಸ್ರು ಕೂಗು, ಆಗೋದೇನು

"ಎರಡನೇ ಲೈನು ವೀಕು," ಎಂದಳು ರಕ್ಷಾ. "ಇರ್ಲಿ. ಹಾಕು."

ಹಾಡು ಅವತ್ತೇ ಹೊರಬಂತು. ಡಿಸ್ ನೋಡಿದವರಲ್ಲಿ ಕಾಲು ಭಾಗ ಜನವೂ ಉತ್ತರವನ್ನು ನೋಡಲಿಲ್ಲ. ಬೀಟಿಲ್ಲ, ಬೈಗುಳವಿಲ್ಲ, ಇದೇನು ಭಾಷಣವಾ ಎಂದು ಕೆಲವರು ಬರೆದರು. ಅಂಜನ್ ಮಾತ್ರ "ಈ ರೌಂಡು ಪಾವಗಡಕ್ಕೆ" ಎಂದು ತನ್ನ ಪುಟದಲ್ಲೇ ಹಾಕಿ, ತನ್ನ ಹಾಡಿನ ಕೆಳಗೆ ನವೀನನ ಹಾಡನ್ನೂ ಸೇರಿಸಿದ. ರಕ್ಷಾ ಬೆಳಿಗ್ಗೆ ಡೈರಿಯ ಮುಂದೆ ಅದನ್ನು ಹಾಕಿದಳು. ಕ್ಯಾನು ಹಿಡಿದವರು ಕೇಳಿದರು. ಮೊದಲ ಹಾಡಿಗೆ ನಕ್ಕಿದ್ದವರು ಇದಕ್ಕೆ ನಗಲಿಲ್ಲ. ಒಬ್ಬರು, "ಇದ್ಯಾವಾಗ ಮುಗೀತದಮ್ಮ?" ಎಂದರು. ಅವಳು ಮುಗಿಯುವವರೆಗೂ ಹಾಕಿ, ಮತ್ತೊಮ್ಮೆ ಮೊದಲಿನಿಂದ ಹಾಕಿದಳು.

ದೊಡ್ಡರಂಗಪ್ಪ ಅಲ್ಲೇ ನಿಂತಿದ್ದ. ಮನೆಗೆ ಬರುವ ದಾರಿಯಲ್ಲಿ ಹೇಳಿದ: "ಹಂಗಾದ್ರೆ ತಿಂದಿದ್ದು ನಿಜ."

"ನಿಜ. ಆದ್ರೆ ಓಬಳಯ್ಯಣ್ಣನ ತಪ್ಪಲ್ಲ."

"ಮಗನ ತಪ್ಪು. ಆ ಮಗ ಈಗ್ಲೂ ಮಂದೆ ಜೊತೇಲೇ ಅವನೆ. ನಂಗೇನು ಧೈರ್ಯ ಬಂತು ಇದ್ರಿಂದ?"

"ಒಪ್ಕಂಡನಲ್ಲಪ್ಪ."

"ಫೋನಿಗೆ ಒಪ್ಕಂಡ. ಫೋನಿಗೆ ಹೊಲ ಐತಾ?" ಅವನು ನಿಂತ. "ಪಕ್ಕದಲ್ಲಿ ಚನ್ನಮಲ್ಲಯ್ಯ ಕಡಲೆಕಾಯಿ ಇಟ್ಟವ್ನೆ. ಮಂದೆ ನಿಂತ್ರೆ ಹೆದರ್ಕೆ ಅವನಿಗೆ. ಅವನ ಮುಂದೆ ಬಂದು ಹೇಳ್ಲಿ. ಅವನು ಹೂಂ ಅಂದ್ರೆ ನಂದೂ ಹೂಂ."

ರಕ್ಷಾ ಫೋನ್ ಮಾಡಿದ ಮೇಲೆ, ಮಾರನೆಯ ಬೆಳಿಗ್ಗೆ ಮಂದೆಯನ್ನು ಇನ್ನೊಬ್ಬ ಕುರಿಯವನಿಗೆ ಒಪ್ಪಿಸಿ ಓಬಳಯ್ಯ, ನವೀನ್ ಇಬ್ಬರೂ ಬಂದರು. ಗೌಡರು ಮಾತಾಡಬೇಕಂತೆ ಎಂದಷ್ಟೇ ನವೀನ್ ಅಪ್ಪನಿಗೆ ಹೇಳಿ ಕರೆತಂದಿದ್ದ. ಚನ್ನಮಲ್ಲಯ್ಯ ಸ್ಪ್ರಿಂಕ್ಲರ್ ಪೈಪಿನ ಮೇಲೆ ಕಾಲಿಟ್ಟುಕೊಂಡು ತನ್ನ ಹೊಲದ ತುದಿಯಲ್ಲಿ ನಿಂತಿದ್ದ.

"ಹೇಳಪ್ಪ ಹಾಡುಗಾರ," ಎಂದ. "ಪ್ರಾಸ ಗೀಸ ಬೇಡ. ನೆಟ್ಟಗೆ ಹೇಳು."

ಜನ ಎದುರಿಗಿದ್ದಾಗ ಮೈಕು ಹಿಡಿದು ಎಷ್ಟೋ ಸಲ ನಿಂತಿದ್ದ ನವೀನ್ ಈಗ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿಗಿಟ್ಟ, ತೆಗೆದ. ರಕ್ಷಾ ಅವನ ಕಡೆ ನೋಡಲಿಲ್ಲ.

"ಕೊರಟಗೆರೆ ಕಡೆ ಗಿಡ ಮೇಯ್ದಾಗ ಕಾಯ್ತಿದ್ದೋನು ನಾನು," ಎಂದ ಕೊನೆಗೆ. "ಕಿವಿಗೆ ಹಾಡು ಹಾಕ್ಕಂಡಿದ್ದೆ. ನೋಡ್ಲಿಲ್ಲ. ಅಪ್ಪ ನೀರಿಗೆ ಹೋಗಿತ್ತು."

ಓಬಳಯ್ಯ ಮಗನ ಕಡೆ ತಿರುಗಿದ. ಅವನ ಮುಖದ ನಗು ಹೋಗಿತ್ತು.

"ಯಾರ್ನ ಕೇಳಿ ಹೇಳ್ದೆ?"

ನವೀನ್ ಕೈಗಳನ್ನು ಮತ್ತೆ ಜೇಬಿಗಿಟ್ಟ.

"ಹೊತ್ಕಂಡಿದ್ನಲ್ಲೋ ನಾನು. ನೀನ್ಯಾಕೆ ಇಳಿಸ್ದೆ? ನಂಗೆ ವಯಸ್ಸಾಯ್ತು, ಇವತ್ತು ನಾಳೆ ಮಂದೆ ಬುಡ್ತೀನಿ. ನೀನಿನ್ನೂ ಈ ಸೀಮೇಲಿ ಓಡಾಡ್ಬೇಕಲ್ಲಪ್ಪಾ." ಅವನು ದೊಡ್ಡರಂಗಪ್ಪನಿಗೆ ಕೈಮುಗಿದ. "ಸಣ್ಣೋನು ಗೌಡ್ರೆ. ನಾನೇ ತೂಕಡಿಸಿದ್ದು. ಹಂಗೇ ಇರ್ಲಿ ಬುಡಿ."

"ಅಪ್ಪಾ, ಊರುಕೋ," ಎಂದ ನವೀನ್, ತೆಲುಗಿನಲ್ಲಿ, ಸುಮ್ಮನಿರು ಎಂದು. ಅಪ್ಪನ ಮುಗಿದ ಕೈಗಳನ್ನು ಹಿಡಿದು ಕೆಳಗಿಳಿಸಿದ. "ಇನ್ನೊಂದ್ಸಲ ಹೇಳ್ತೀನಿ. ನಾನು."

ಚನ್ನಮಲ್ಲಯ್ಯ ಪೈಪಿನ ಮೇಲಿಂದ ಕಾಲು ತೆಗೆದ. ಗಿಡಗಳನ್ನೊಮ್ಮೆ, ಹುಡುಗನನ್ನೊಮ್ಮೆ ನೋಡಿದ. "ಸುಳ್ಳು ಹೇಳೋನು ಇಷ್ಟು ಬೆವರಲ್ಲ ಬುಡು," ಎಂದ ದೊಡ್ಡರಂಗಪ್ಪನಿಗೆ. "ಒಂದು ರಾತ್ರಿ ನಿಲ್ಲಿಸ್ಲಿ. ಬೆಳಿಗ್ಗೆ ನೋಡಾನ. ಒಂದು ಗಿಡ ಹೋದ್ರೂ ಮಂದೆ ಎದ್ದು ಹೋಗ್ಬೇಕು, ಆಮೇಲೆ ಈ ಕಡೆ ತಲೆ ಹಾಕ್ಬಾರ್ದು."

"ಬೆಳಿಗ್ಗೆ ನೋಡೋಳು ಇವಳು," ಎಂದ ದೊಡ್ಡರಂಗಪ್ಪ, ಮಗಳ ಕಡೆ ಬೆರಳು ತೋರಿಸಿ. "ಊರಿಗೆಲ್ಲ ಕೇಳ್ಸಿದೋಳು ಇವಳೇ ತಾನೆ. ಏನು ಕಂಡ್ತೋ ಅದನ್ನೂ ಡೈರಿ ಮುಂದೆ ಇವಳೇ ಹೇಳ್ಲಿ. ಇದ್ದದ್ದು ಇದ್ದಂಗೆ."

"ಹೇಳ್ತೀನಿ," ಎಂದಳು ರಕ್ಷಾ.

ಮರುದಿನ ಸಂಜೆ ಧೂಳೆಬ್ಬಿಸಿಕೊಂಡು ಮಂದೆ ಬಂತು. ಓಬಳಯ್ಯ ಮಗನ ಜೊತೆ ಮಾತಾಡುತ್ತಿರಲಿಲ್ಲ. ಇಬ್ಬರೂ ಬಲೆ ಬಿಡಿಸಿ, ಗೂಟ ಹೊಡೆದು, ಕುರಿಗಳನ್ನು ಒಳಕ್ಕೆ ಬಿಟ್ಟರು. ಕಡಲೆಕಾಯಿ ಹೊಲದ ಕಡೆಗೆ ಬಲೆ ಹಳೆಯದಾಗಿ ಎರಡು ಮೂರು ಕಡೆ ಹರಿದಿತ್ತು. ಓಬಳಯ್ಯ ಅದನ್ನು ನೋಡಿ ಆ ಕಡೆ ಕಂಬಳಿ ಹಾಸಲು ಹೋದ. ಅಷ್ಟರಲ್ಲಿ ನವೀನ್ ತನ್ನ ಕಂಬಳಿಯನ್ನು ಅಲ್ಲಿಗೆ ಎಸೆದು ಕೂತಾಗಿತ್ತು. ಓಬಳಯ್ಯ ನಿಂತು ನೋಡಿ, ಇನ್ನೊಂದು ಬದಿಗೆ ಹೋದ. ರಕ್ಷಾ ಮುದ್ದೆ, ಹುರುಳಿ ಸಾರು ತಂದುಕೊಟ್ಟಳು. ನವೀನ್ ತನ್ನ ಫೋನನ್ನು ತೆಗೆದು ಅವಳ ಕೈಗಿಟ್ಟ.

"ಚಾರ್ಜ್ ಇಲ್ವಾ?" ಎಂದಳು.

"ಐತೆ," ಎಂದ.

ಬೆಳಕು ಹರಿಯುವಾಗ ಅವಳು ಒಬ್ಬಳೇ ಬಂದಳು. ಕುರಿಗಳು ಎದ್ದು ಮೈ ಕೊಡವಿಕೊಳ್ಳುತ್ತಿದ್ದವು. ನವೀನ್ ಕಣ್ಣು ಕೆಂಪಗೆ ಮಾಡಿಕೊಂಡು ಕೂತಲ್ಲೇ ಕೂತಿದ್ದ, ಕೋಲು ಮಡಿಲಲ್ಲಿತ್ತು. ಅವಳು ಚಪ್ಪಲಿ ಬಿಟ್ಟು ಬದುವಿನ ಮೇಲೆ ಹತ್ತಿ, ಬಗ್ಗಿ ನೋಡುತ್ತ ನಡೆದಳು.

ಬಲೆ ಹರಿದಿದ್ದ ಕಡೆ ಎರಡು ಕುರಿ ಹೊರಗೆ ಬಂದಿದ್ದವು. ಸ್ಪ್ರಿಂಕ್ಲರ್ ನೀರಿಗೆ ನೆನೆದ ಮಣ್ಣಿನಲ್ಲಿ ಗೊರಸುಗಳು ಒಂದೊಂದೂ ಸ್ಪಷ್ಟವಾಗಿದ್ದವು. ಅವು ಬದುವಿನ ಬುಡದವರೆಗೆ ನೇರವಾಗಿ ಬಂದು, ಅಲ್ಲಿ ಒಂದರ ಮೇಲೊಂದು ಒತ್ತಿ, ವಾಪಸು ತಿರುಗಿದ್ದವು. ಅವುಗಳಿಗೆ ಅಡ್ಡಲಾಗಿ ಒಂದು ಜೊತೆ ಬರಿಗಾಲಿನ ಗುರುತು, ಹಿಮ್ಮಡಿ ಆಳವಾಗಿ ಊರಿತ್ತು. ಬದುವಿನ ಆಚೆ ಕಡಲೆಕಾಯಿ ಗಿಡಗಳು ಸಾಲು ಕೆಡದೆ ನಿಂತು, ರಾತ್ರಿ ಮಡಚಿಕೊಂಡಿದ್ದ ಎಲೆಗಳನ್ನು ಆಗತಾನೇ ಬಿಡಿಸುತ್ತಿದ್ದವು.